ಆರಿಸಿಟ್ಟ ವಾಚು

ಬಹಳ ಹಿಂದೆ, ಮಾಯೆ ಮನುಷ್ಯರ ನೆರೆಮನೆಯಲ್ಲೇ ಇದ್ದ ಕಾಲದಲ್ಲಿ, ಮಿಣುಕೂರು ಎಂಬ ರಾಜ್ಯವಿತ್ತು. ರಾಜನಿಂದ ಹಿಡಿದು ಕುರಿ ಕಾಯುವವರ ತನಕ ಎಲ್ಲರ ಕೈಯಲ್ಲೂ ಬ್ಯಾಟರಿ ವಾಚು. ಅದರ ಬೆಳಕು ಆರಿದರೆ ಅಪಶಕುನವಂತೆ! ಹಾಡುಹಗಲಲ್ಲೂ ಝಗಝಗ ಉರಿಸಿಕೊಂಡೇ ತಿರುಗುತ್ತಿದ್ದರು, ಪುಣ್ಯಾತ್ಮರು.

ಹೀಗೆ ಪೋಲಾದ ಬೆಳಕನ್ನೇ ತಿಂದು ಕರಾಳಕನೆಂಬ ಮಾಂತ್ರಿಕ ಕೊಬ್ಬಿದ. ಒಂದು ದಿನ ರಾಜ್ಯದ ಹೊಸ ಬ್ಯಾಟರಿಗಳನ್ನೆಲ್ಲ ಬಾಚಿಕೊಂಡ. ತಡೆಯಲು ಹೋದ ಸೋಮಣ್ಣಿ ಎಂಬ ಹುಡುಗನನ್ನು ಮಂತ್ರ ಹಾಕಿ ತನ್ನ ಗುಹೆಯಲ್ಲಿ ಮಲಗಿಸಿಬಿಟ್ಟ.

"ಮೂರನೇ ದಿನ ನಡುಹಗಲಿಗೆ ಇವನ ಅಕ್ಕನ ವಾಚಿನ ಅಲಾರಂ ಕಿವಿಗೆ ಬಿದ್ದರೆ ಎದ್ದಾನು. ಇಲ್ಲದಿದ್ದರೆ ಎಂದೆಂದಿಗೂ ಇಲ್ಲ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ನಕ್ಕ.

ಅಕ್ಕ ಹೊಂಬಾಳೆಯ ವಾಚಿನಲ್ಲಿ ಉಳಿದಿದ್ದದ್ದು ಒಂದೇ ಗೆರೆ ಬ್ಯಾಟರಿ. ಆ ಹೊತ್ತಿಗೆ ಅಲಾರಂ ಒಂದನ್ನು ಇಟ್ಟು, ಬೆಳಕನ್ನು ಆರಿಸಿದಳು.

"ಬಿಡ್ತು ಅನ್ನೇ! ಎಂಥ ಕೆಲಸ ಮಾಡಿದೆ!" ಎಂದು ಊರೇ ಕೂಗಿತು.

"ನನ್ನ ತಮ್ಮ ಎದ್ದರೆ ಅದೇ ನನಗೆ ಶುಭ" ಎಂದು ಹೊರಟೇಬಿಟ್ಟಳು.

ಮೊದಲ ದಿನ ಕಗ್ಗತ್ತಲ ಸುರಂಗ. "ವಾಚು ಬೆಳಗಿಸು, ಬಿದ್ದೀಯೆ" ಎಂದಿತು ಬಾವಲಿ. ಅವಳು ಗೋಡೆ ತಡವುತ್ತಾ ದಾಟಿದಳು.

ಎರಡನೇ ದಿನ ಮಾಯದ ಮುದುಕಿಯೊಬ್ಬಳು, "ಗಂಟೆ ಎಷ್ಟಾಯ್ತವ್ವಾ?" ಎಂದು ಹೆಜ್ಜೆಹೆಜ್ಜೆಗೂ ಪೀಡಿಸಿದಳು. ಹೊಂಬಾಳೆ ತನ್ನ ನೆರಳು ನೋಡಿ ಹೇಳುತ್ತಾ ನಡೆದಳು.

ಮೂರನೇ ದಿನ ಒಂದು ಹಕ್ಕಿ ಬಂದು, "ತೀರಿಹೋದ ನಿನ್ನವ್ವನ ಜೋಗುಳ ವಾಚಿನಲ್ಲಿದೆಯಲ್ಲ, ಕೇಳಬಾರದೇ?" ಎಂದಿತು. ಅಯ್ಯೋ, ಕರುಳು ಚುರ್ ಎಂದಿತು ಕಣ್ರೀ. ತಡೆಯಲಾರದೆ ಒಂದೇ ಒಂದು ಸಾಲು ಕೇಳಿದಳು. ಬ್ಯಾಟರಿ ಗೆರೆ ಕೂದಲೆಳೆಯಾಯಿತು. "ತಪ್ಪಾಯ್ತವ್ವಾ, ಈಗ ತಮ್ಮ ಬೇಕು ನನಗೆ" ಎಂದು ವಾಚನ್ನು ಸೆರಗಿಗೆ ಕಟ್ಟಿಕೊಂಡು ಓಡಿದಳು.

ಇತ್ತ ಊರಿನವರಿಗೂ ಮನಸ್ಸು ಕರಗಿತ್ತು. "ಆ ಹೆಣ್ಣುಮಗಳು ಒಬ್ಬಳೇ ಹೋಗಿದ್ದಾಳಲ್ಲ" ಎನ್ನುತ್ತಾ ಒಬ್ಬೊಬ್ಬರೇ ವಾಚು ಆರಿಸಿದರು. ತಿನ್ನಲು ಬೆಳಕಿಲ್ಲದೆ ಕರಾಳಕ ಬಡಕಲಾದ, ಬೆರಳುದ್ದವಾದ, ಕೊನೆಗೆ ಹೊಗೆಯಾಗಿ ಹೋದ. ಆದರೆ ಅವನ ಮಂತ್ರ ಮಾತ್ರ ಹಾಗೇ ಇತ್ತು.

ಹೊಂಬಾಳೆ ಗುಹೆ ಹೊಕ್ಕು ವಾಚನ್ನು ತಮ್ಮನ ಕಿವಿಗೆ ಒತ್ತಿ ಹಿಡಿದಳು. ನಡುಹಗಲಾಯಿತು. ಇರುವೆ ಸೀನಿದಷ್ಟು ಸಣ್ಣದಾಗಿ, ಟಿಂಗ್! ಅಷ್ಟೇ. ವಾಚು ಸತ್ತಿತು.

ಸೋಮಣ್ಣಿ ಮಗ್ಗುಲು ಬದಲಿಸಿ ಗೊಣಗಿದ: "ಅಕ್ಕಾ, ಇನ್ನೈದೇ ನಿಮಿಷ..."

"ಏಳೋ ನನ್ನಪ್ಪಾ!" ಎಂದು ಅವಳು ಅಳುತ್ತಾ, ನಗುತ್ತಾ ಅವನನ್ನು ಬಾಚಿ ತಬ್ಬಿಕೊಂಡಳು. ಅವರಿಬ್ಬರೂ ಸುಖವಾಗಿದ್ದರು, ಮಿಣುಕೂರೂ ತಣ್ಣಗಿತ್ತು.