ಸೊನ್ನೆಯ ಕೆಳಗಿನ ಮನೆ

ನನ್ನ ನೆನಪಿನ ಮೇಲೆ ಅನುಮಾನವೇ? ಹಾಗಾದರೆ ಎದ್ದು ಹೋಗಿ. ಹಳೆಯ ಚಿನ್ನದ ಗಣಿಯೊಳಗೆ ಪಾತಾಳಪುರ ಕಟ್ಟಿದಾಗ ನೀವಿನ್ನೂ ಹುಟ್ಟಿರಲಿಲ್ಲ. ನಾನು ಅಲ್ಲಿ ಬಾಡಿಗೆಗಿದ್ದೆ. ಕೂತವರು ಬಾಯಿ ಮುಚ್ಚಿ ಕೇಳಿ.

ಆ ಊರಿನ ಲಿಫ್ಟಿಗೆ ಗುಂಡಿಗಳೇ ಇರಲಿಲ್ಲ. ಒಳಗೆ ನಿಂತವರ ಮುಖ ನೋಡಿ, ಮನೆ ಯಾವ ಅಂತಸ್ತು ಎಂದು ತಾನೇ ಲೆಕ್ಕ ಹಾಕಿ ಇಳಿಸುತ್ತಿತ್ತು. ಬೇರೆಯವರ ಮನೆಗೆ ಹೋಗಬೇಕಾದರೆ ಆ ಮನೆಯ ಯಜಮಾನನ ಹೆಸರನ್ನು ಬಾಯಿಬಿಟ್ಟು ಹೇಳಬೇಕು.

ಕಟ್ಟಕಡೆಯ ಅಂತಸ್ತಿನಲ್ಲಿ ಮುನಿಶಾಮಪ್ಪ ಒಬ್ಬನೇ ಇದ್ದ. ಅವನ ನೆತ್ತಿಯ ಮೇಲಿನ ಮನೆ ಅಣ್ಣ ಪಿಳ್ಳಪ್ಪನದು. ಗಣಿಯಲ್ಲಿ ದುಡಿದ ಅಪ್ಪನ ತಲೆದೀಪ ಯಾರಿಗೆ ಸೇರಬೇಕೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದರು. ಅಣ್ಣನ ಹೆಸರು ಹೇಳುವುದಕ್ಕಿಂತ ನಾಲಗೆ ಕಚ್ಚಿಕೊಳ್ಳುವುದು ಮೇಲು ಎನ್ನುವ ಹಟ ಇವನದು.

ಹೀಗಿರುವಾಗ ಲಿಫ್ಟಿನ ತಂತ್ರಾಂಶ ಹಳೆಯದಾಯಿತೆಂದು ಡಾಕ್ಟರ್ ಸುಹಾಸಿನಿ ಎಂಬ ವಿಜ್ಞಾನಿ ಅದನ್ನು ಹೊಸ ಗಣಕಭಾಷೆಯಲ್ಲಿ ಮತ್ತೆ ಬರೆದರು. ನೆಲವನ್ನು ಸೊನ್ನೆಯೆಂದು ಹಿಡಿದು ಲಿಫ್ಟು ಹಾಕುವ ಲೆಕ್ಕ ಭಿನ್ನರಾಶಿಯಲ್ಲೇ ಬರುತ್ತಿತ್ತು; ಅದನ್ನು ಅಂತಸ್ತಿನ ಸಂಖ್ಯೆಯಾಗಿಸಲು ಹಳೆಯ ಭಾಷೆಯಲ್ಲಿ ‘ತಳಾಂಕ’ ಎಂಬ ಸಣ್ಣ ಸೂತ್ರವಿತ್ತು. ಎಂಥ ಭಿನ್ನರಾಶಿ ಕೊಟ್ಟರೂ ಅದಕ್ಕಿಂತ ಕೆಳಗಿನ ಪೂರ್ಣಸಂಖ್ಯೆಯನ್ನು ಕೊಡುತ್ತಿತ್ತು. ಹೊಸ ಭಾಷೆಯಲ್ಲಿ ಅದಿರಲಿಲ್ಲ. ಭಿನ್ನಭಾಗವನ್ನು ಕತ್ತರಿಸಿ ಎಸೆಯುವ ಸೂತ್ರವಿತ್ತು. ಎರಡೂವರೆಯನ್ನು ಎರಡೂ ಸೂತ್ರಗಳು ಎರಡು ಮಾಡುತ್ತವೆ. ಆದರೆ ಸೊನ್ನೆಯಿಂದ ಕೆಳಕ್ಕೆ ಎರಡೂವರೆ ಎಂದಾಗ ತಳಾಂಕ ಕೆಳಗಿನ ಮೂರಕ್ಕೆ ಇಳಿಯುತ್ತದೆ, ಕತ್ತರಿ ಎರಡಕ್ಕೇ ನಿಂತುಬಿಡುತ್ತದೆ. ಸುಹಾಸಿನಿಯವರ ಕಚೇರಿ ನೆಲದಿಂದ ಮೇಲಿನ ಅಂತಸ್ತೊಂದರಲ್ಲಿತ್ತು. ಲಿಫ್ಟನ್ನು ಮೇಲಕ್ಕಷ್ಟೇ ಓಡಿಸಿ ನೋಡಿ, ಸರಿಯಿದೆ ಎಂದುಬಿಟ್ಟರು.

ಮರುದಿನದಿಂದ ನೆಲದ ಕೆಳಗಿನವರೆಲ್ಲ ಒಂದಂತಸ್ತು ಮೇಲೆಯೇ ಇಳಿಯತೊಡಗಿದರು. ಉಳಿದವರು ಬೈಯುತ್ತಾ ಮೆಟ್ಟಿಲಿಳಿದರು. ಕಟ್ಟಕಡೆಯ ಮನೆಗೆ ಮೆಟ್ಟಿಲಿರಲಿಲ್ಲ, ಇದ್ದದ್ದೊಂದು ಕಬ್ಬಿಣದ ಏಣಿ. ಅದೂ ಪಿಳ್ಳಪ್ಪನ ಅಡುಗೆಮನೆಯಲ್ಲಿ!

ಮುನಿಶಾಮಪ್ಪ ತಲೆ ತಗ್ಗಿಸಿ ಒಳಬಂದ. ಅತ್ತಿಗೆ ಪಾಪಮ್ಮ ಏಣಿಗೆ ಅಡ್ಡ ನಿಂತಳು.

“ಏನ್ ಮೈದ್ನಾ, ಅಡಿಗೆಮನೆ ತುಳ್ದು ಬರಿಹೊಟ್ಟೇಲಿ ಇಳ್ದೋಗ್ತೀಯಾ? ನನ್ ಒಲೆಗೆ ಮರ್ಯಾದೆ ಇಲ್ವಾ?”

“ನಾನ್ ಬಂದಿಲ್ಲ ಅತ್ತಿಗೆ. ಲಿಫ್ಟು ತಂದಾಕ್ತು.”

“ಲಿಫ್ಟಿಗೆ ಆಮೇಲೆ ಮುದ್ದೆ ಇಕ್ಕಾನ. ನೀನು ಕೂತ್ಕೊ.”

ಮುದ್ದೆ, ಬಸ್ಸಾರು ಬಡಿಸಿದಳು. ಪಿಳ್ಳಪ್ಪ ಗೋಡೆ ನೋಡುತ್ತಾ ಉಂಡ, ಮುನಿಶಾಮಪ್ಪ ತಟ್ಟೆ ನೋಡುತ್ತಾ ಉಂಡ. ದಿನಾ ಸಂಜೆ ಇದೇ ಆಯಿತು. ಕೆಲವು ವಾರಗಳಲ್ಲಿ ಪಿಳ್ಳಪ್ಪ ಗೋಡೆಗೆ ಹೇಳಿದ: “ಸಾರಿಗೆ ಉಪ್ಪು ಕಮ್ಮಿ.” ತಟ್ಟೆ ನೋಡುತ್ತಿದ್ದವನು ಹೇಳಿದ: “ಹೂಂ, ಕಮ್ಮಿ.” ಪಾಪಮ್ಮನಿಗೆ ಹಬ್ಬ!

ಅಷ್ಟರಲ್ಲಿ ಸುಹಾಸಿನಿ ತಳಾಂಕ ಸೂತ್ರವನ್ನು ತಾವೇ ಬರೆದು ಸೇರಿಸಿದರು. ಲಿಫ್ಟು ಸರಿಯಾಯಿತು. ಮುನಿಶಾಮಪ್ಪ ನೆಟ್ಟಗೆ ತನ್ನ ಮನೆಯಲ್ಲೇ ಇಳಿದ. ಅವನು ಅಣ್ಣನ ಹೆಸರು ಹೇಳಲಿಲ್ಲ, ಅಣ್ಣ ಅವನನ್ನು ಕರೆಯಲಿಲ್ಲ. ಮೇಲೆ ಮುದ್ದೆ ತಣ್ಣಗಾಯಿತು.

ಪಾಪಮ್ಮ ಬೆಳಿಗ್ಗೆಯೇ ಕಚೇರಿಗೆ ಹೋದಳು. “ಮೊದ್ಲಿನ್ ತಪ್ಪು ವಾಪಸ್ ಹಾಕ್ಕೊಡಮ್ಮ.”

“ತಪ್ಪು ಲೆಕ್ಕ ಹೇಗಮ್ಮ ಹಾಕ್ಲಿ? ಊರವ್ರೆಲ್ಲ ಬೈತಾರೆ.”

“ಊರಿಗ್ಯಾಕೆ? ನಮ್ ಮೈದ್ನ ಒಬ್ಬನ್ಗೇ ಹಾಕು.”

ಸುಹಾಸಿನಿ ಅಣ್ಣತಮ್ಮಂದಿರ ಕಥೆಯನ್ನೆಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಒಂದೇ ಒಂದು ಸಾಲು ಬರೆದರು.

ಅಂದು ಸಂಜೆ ಲಿಫ್ಟಿನ ಬಾಗಿಲು ಅಣ್ಣನ ಮನೆಗೆ ತೆರೆಯಿತು.

“ಇನ್ನೂ ರಿಪೇರಿ ಆಗಿಲ್ವಾ ಈ ದರಿದ್ರ?” ಎಂದು ಮುನಿಶಾಮಪ್ಪ ಗೊಣಗಿದ.

ಪಿಳ್ಳಪ್ಪ ಈ ಸಲ ಗೋಡೆಯ ಕಡೆ ನೋಡಲಿಲ್ಲ. “ಈಗಿನ್ ಎಂಜಿನಿಯರ್‌ಗಳೇ ಅಷ್ಟು ಕಣೋ. ಕೈ ತೊಳ್ಕೊ, ಬಾ.”

ಆ ಲಿಫ್ಟು ಈಗಲೂ ಓಡುತ್ತಿದೆ. ಯಾವತ್ತಾದರೂ ಅದರ ತಂತ್ರಾಂಶ ಮತ್ತೊಂದು ಭಾಷೆಗೆ ಹೋಗುತ್ತದೆ, ಯಾರೋ ಜಾಣರು ಆ ಸಾಲು ನೋಡಿ ತಪ್ಪೆಂದು ತಿದ್ದಲು ಕೂರುತ್ತಾರೆ. ಅದಕ್ಕೇ ಇಷ್ಟು ಒದರಿದೆ. ನಿಮಗೆ ಗೊತ್ತಿರುವ ಅಂಥ ಜಾಣರಿಗೆಲ್ಲ ಈ ಕಥೆ ಮುಟ್ಟಿಸಿ.