ಕಟ್ಟಿಸಿದ ಹಲ್ಲಿನ ಸದ್ದು

"ಈ ಗಾಯಕಿಯ ಹಲ್ಲಿನ ಸೆಟ್ ಸಡಿಲ ಇದೆ."

ಅವನು ಹೇಳಿದ್ದು ಅಷ್ಟೇ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳೊಬ್ಬಳು ಮಾತ್ರ ನಗಲಿಲ್ಲ.

ಥೂ... ಇದೆಂಥ ಬಾಯಿ, ಇದೆಂಥ ಮಾತು!

ಅದು ಶಾಸ್ತ್ರೀಯ ಸಂಗೀತ ಕೇಳುವವರ ಕೂಟ. ಭಾನುವಾರ ಬೆಳಿಗ್ಗೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಹೊಸದಾಗಿ ತಂದ ಧ್ವನಿಮುದ್ರಿಕೆ ಕೇಳಿ ಒಬ್ಬೊಬ್ಬರೂ ಅನಿಸಿಕೆ ಹೇಳಬೇಕು. ಕಟ್ಟಳೆ ಒಂದೇ... ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಹೊಸಬನಾದ ಅವನದು ಕೊನೆಯ ಸರದಿ. ದನಿಯ ಮಾಧುರ್ಯ, ಗಾಂಭೀರ್ಯ, ಮಾತುಗಳನ್ನೇ ಬಿಟ್ಟು ಬರೀ 'ಆ' ಎಂದು ಹಾಡಿದ ಹೊಸತನ, ಎಲ್ಲವನ್ನೂ ಉಳಿದವರು ಬಳಿದು ಬಾಚಿಯಾಗಿತ್ತು.

ಪಾಪ, ಆ ಗಾಯಕಿ ಅವಳ ಸ್ವಂತ ಅಜ್ಜಿ ಎಂದು ಅವನಿಗೇನು ಗೊತ್ತು?

ಎರಡು ವರ್ಷದ ಹಿಂದೆ ಇದನ್ನು ಹಾಡಿ ಬಂದವರು ಮತ್ತೆ ಹಾಡಲು ಬಾಯಿ ತೆರೆದಿರಲಿಲ್ಲ. ವಯಸ್ಸಾಯಿತು, ಸಾಕು ಎಂದುಬಿಟ್ಟಿದ್ದರು. ತಾಯಿಯಿಲ್ಲದ ಮೊಮ್ಮಗಳನ್ನು ಹಾಡಿ ಹಾಡಿಯೇ ಸಾಕಿದ ದನಿ ಅದು. ಅದನ್ನು ಮನೆಯಲ್ಲಿ ಮತ್ತೊಮ್ಮೆ ಕೇಳಬೇಕೆಂಬುದೊಂದೇ ಅವಳ ಆಸೆ. ಈಗ ಮುದ್ರಿಕೆ ಹೊರಬಂದಾಗ, ನಾಲ್ಕು ಜನ ಮೆಚ್ಚಿದರೆ ಅಜ್ಜಿಯ ಮನಸ್ಸು ತಿರುಗೀತೆಂದು ಅವಳೇ ಅದನ್ನು ಕೂಟಕ್ಕೆ ತಂದಿದ್ದಳು, ಸಂಬಂಧದ ಸುದ್ದಿ ಎತ್ತದೆ.

"ನೀವು ಯಾವ ಕೆಲಸದಲ್ಲಿದ್ದೀರಿ?" ಎಂದಳು, ಹಲ್ಲು ಕಚ್ಚಿಕೊಂಡು.

"ಹಲ್ಲಿನ ಸೆಟ್ ಮಾಡ್ತೀನಿ."

"ಅದಕ್ಕೇ. ಸಂಗೀತದಲ್ಲೂ ನಿಮಗೆ ಎಂಜಲೇ ಕಾಣೋದು. ಅವರು ನಮ್ಮಜ್ಜಿ."

ಅವನ ಮುಖ ಬಿಳಚಿಕೊಂಡಿತು. ಏನೋ ಹೇಳಹೊರಟವನಿಗೆ ಬೆನ್ನು ತೋರಿಸಿ ಅವಳು ಎದ್ದು ಹೋದಳು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ಅವಳು. ಗಾಜಿನ ಮೇಲೆ ಯಾರದೋ ಬೆರಳಚ್ಚು ಕಂಡರೂ ಮುಖ ಸಿಂಡರಿಸುವ ಜಾತಿ. ವಾರವಿಡೀ ಆ ಮಾತು ನೆನಪಾಗಿ ಅನ್ನ ಸೇರಲಿಲ್ಲ. ಹಾಳಾದವನು! ಈಗ ಅಜ್ಜಿಯ ದನಿ ಕೇಳಿದರೆ ಹಲ್ಲೇ ಕಣ್ಣಮುಂದೆ ಬರುತ್ತಿತ್ತು.

ಆದರೂ... ಊಟಕ್ಕೆ ಕೂತಾಗ ಅವಳ ಕಣ್ಣು ಅಜ್ಜಿಯ ಬಾಯಿಯ ಮೇಲೇ ನಿಂತಿತು. ಅಜ್ಜಿ ಪ್ರತಿ ತುತ್ತಿಗೂ ನಾಲಿಗೆಯಿಂದ ಏನನ್ನೋ ಮೇಲಕ್ಕೆ ಒತ್ತುತ್ತಿದ್ದರು. ಮಾತಾಡುವಾಗ ಬಾಯಿಗೆ ಕೈ ಅಡ್ಡ. ಎರಡು ವರ್ಷದಿಂದ ಎದುರಿಗೇ ಕೂತು ಉಂಡಿದ್ದಳು, ನೋಡಿರಲೇ ಇಲ್ಲ.

ಅವಳು ಕೂಟದಲ್ಲಿ ನಡೆದದ್ದನ್ನು ಹೇಳಿದಳು. ಅಜ್ಜಿ ಸಿಟ್ಟಾಗಲಿಲ್ಲ. ಮುದ್ರಣದ ದಿನ ಹಾಡಿನ ಮಾತಿನಲ್ಲಿ 'ಸ' ಬಂದಾಗಲೆಲ್ಲ ಸೆಟ್ ಜಾರುತ್ತಿತ್ತಂತೆ. ಬಿದ್ದೇ ಬಿಟ್ಟರೆ ಎಂಬ ಹೆದರಿಕೆಗೆ ಮಾತುಗಳನ್ನೆಲ್ಲ ನುಂಗಿ ಬರೀ 'ಆ' ಎಂದು ಹಾಡಿ ಮುಗಿಸಿದರಂತೆ. ಬಲ್ಲವರು ಅದನ್ನೇ ಹೊಸತನ ಎಂದು ಕೊಂಡಾಡಿದ ಮೇಲೆ ನಿಜ ಹೇಳುವುದಾದರೂ ಯಾರಿಗೆ?

"ಅಷ್ಟು ಜನರಲ್ಲಿ ಅವನೊಬ್ಬನೇ ಕಣೇ ನನ್ನ ಹಾಡು ಸರಿಯಾಗಿ ಕೇಳಿದ್ದು," ಎಂದರು ಅಜ್ಜಿ. "ಹೋಗಿ ಕರ್ಕೊಂಡು ಬಾ."

ಅವನ ಕೆಲಸದ ಕೋಣೆಗೆ ಕಾಲಿಟ್ಟವಳಿಗೆ ಓಡಿಹೋಗುವಂತಾಯಿತು. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು, ಲೋಟದ ನೀರಿನಲ್ಲಿ ನಗುತ್ತಿದ್ದ ಗುಲಾಬಿ ವಸಡು, ಕರಗಿದ ಮೇಣದ ಕಮಟು ವಾಸನೆ. ವ್ಯಾಕ್! ಮೂಗಿಗೆ ಸೆರಗು ಒತ್ತಿಕೊಂಡು ನಿಂತಳು.

"ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಕೆಲಸ ನೋಡಿದ್ರೆ ನನಗೆ ವಾಕರಿಕೆ ಬರುತ್ತೆ. ಆದ್ರೆ ನೀವು ಹೇಳಿದ್ದು ನಿಜ."

"ನಾನು ಆಡಿಕೊಳ್ಳಲಿಲ್ಲ," ಎಂದನವನು ತಲೆ ತಗ್ಗಿಸಿ. "ಅವರು ಉಸಿರೆಳೆದಾಗಲೆಲ್ಲ ಸೆಟ್ ಟಕ್ ಅನ್ನೋದು ಕೇಳಿಸ್ತು. ಹಲ್ಲು ಜಾರ್ತಿದ್ರೂ ಒಂದು ಸ್ವರಾನೂ ಜಾರೋಕೆ ಬಿಡಲಿಲ್ಲ ಅವರು. ಅದನ್ನೇ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಎಲ್ಲರೂ ನಕ್ಕುಬಿಟ್ರು."

ಅಯ್ಯೋ... ಅರ್ಧ ಮಾತು ಕೇಳಿ ಇವನನ್ನು ಎಷ್ಟು ಬೈದುಕೊಂಡೆ!

ತಾನು ಸೆಟ್ ಮಾಡಿಕೊಡುವ ಹಲ್ಲಿನ ಡಾಕ್ಟರ ಹತ್ತಿರ ಅಜ್ಜಿಯ ಬಾಯಿಯ ಅಚ್ಚು ತೆಗೆಸಿ ಅವನು ಕೆಲಸ ಹಿಡಿದ. ತೊಡಿಸಿ ನೋಡುವುದು, ಉಜ್ಜುವುದು, ಮತ್ತೆ ತೊಡಿಸುವುದು. ಆರು ವಾರ ಅಜ್ಜಿಯ ಹಲ್ಲನ್ನು ಡಬ್ಬಿಯಲ್ಲಿಟ್ಟುಕೊಂಡು ಓಡಾಡಿದವಳು ಅವಳೇ. ಪ್ರತಿ ಸಲವೂ ಅಸಹ್ಯವೇ. ಆದರೆ ಅವನು ಆ ಮುದ್ರಿಕೆಯನ್ನೇ ಹಾಕಿಕೊಂಡು, ಕಿವಿಗೊಟ್ಟು ಕೂದಲೆಳೆಯಷ್ಟು ಉಜ್ಜುವುದನ್ನು ನೋಡುತ್ತ ಸೆರಗು ಯಾವಾಗ ಮೂಗಿನಿಂದ ಇಳಿಯಿತೋ ತಿಳಿಯಲಿಲ್ಲ. ಡಬ್ಬಿ ಇಲ್ಲದ ದಿನವೂ ಕಾಲು ಅತ್ತಲೇ ಹೊರಟಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೋಗಿ ಹೋಗಿ ಇವನ ಮೇಲಾ ನನಗೆ ಮನಸ್ಸು ಬರಬೇಕು!

ಕೊನೆಗೆ ಒಂದು ಮಧ್ಯಾಹ್ನ ಅಜ್ಜಿ ಹೊಸ ಸೆಟ್ ತೊಟ್ಟು, ಗಂಟಲು ಸರಿಮಾಡಿಕೊಂಡು ಹಾಡಿದರು. ಒಂದೊಂದು 'ಸ'ವೂ ಮುತ್ತು ಪೋಣಿಸಿದ ಹಾಗೆ. ಬಾಯಿಗೆ ಕೈ ಅಡ್ಡ ಬರಲಿಲ್ಲ. ಅವಳು ಅಡುಗೆಮನೆಗೆ ಓಡಿ ಬಿಕ್ಕಿ ಬಿಕ್ಕಿ ಅತ್ತಳು.

ಅವನು ಬಾಗಿಲಲ್ಲಿ ಬಂದು ನಿಂತ.

"ನನ್ನ ಕೆಲಸ ಮುಗೀತು. ಇನ್ನು ಬರೋಕೆ ನೆಪ ಇಲ್ಲ. ನಿಮಗೆ ನನ್ನ ಕಂಡ್ರೆ ವಾಕರಿಕೆ ಅಂತ ಗೊತ್ತು. ಆದ್ರೂ ಹೇಳದೆ ಹೋದ್ರೆ ಉಳಿದುಹೋಗುತ್ತೆ. ನೀವು ಅಂದ್ರೆ ನನಗೆ ಇಷ್ಟ."

ಅವಳು ಕಣ್ಣೊರೆಸಿಕೊಂಡಳು.

"ನನ್ನ ಬಾಯಲ್ಲಿ ಇನ್ನೂ ಮೂವತ್ತೆರಡಿದೆ," ಎಂದಳು ಮೆಲ್ಲಗೆ. "ಅವೆಲ್ಲ ಉದುರೋವರೆಗೂ ಜೊತೆಗಿರ್ತೀಯಾ?"

ಅವನು ಹೊಸ್ತಿಲು ದಾಟಿ ಒಳಗೆ ಬಂದ.

"ಉದುರಿದ ಮೇಲೂ."