ಯಾವ ಗುಂಪಿಗೂ ಸೇರದ ಪ್ರಶ್ನೆ

ಧಾರವಾಡದ ಪ್ರಯೋಗಾಲಯದ ಪರದೆಯ ಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಮೂಡುತ್ತಿದ್ದವು. ಓದಿ ಮುಗಿಸುವ ಮೊದಲೇ ತಮ್ಮ ತಮ್ಮ ಗುಂಪು ಸೇರಿ ಮರೆಯಾಗುತ್ತಿದ್ದವು. ಅದು 2061ನೆಯ ಇಸವಿ. ಪ್ರೋಗ್ರಾಮರ್‌ಗಳ ಜಾಲಚರ್ಚೆಗಳನ್ನೆಲ್ಲ ವಿಷಯವಾರು ಹಂಚುವ ಆ ಯಂತ್ರದ ಹೆಸರು ‘ವಿಂಗಡಕ’. ಪದಗಳನ್ನಲ್ಲ, ಅರ್ಥವನ್ನೇ ಅಳೆದು ಹನ್ನೆರಡು ಸಾವಿರ ಗುಂಪುಗಳಲ್ಲಿ ಪ್ರಶ್ನೆಗೆ ಜಾಗ ಹುಡುಕುತ್ತಿತ್ತು. ಮೊದಲೇ ಯಾರಾದರೂ ಕೇಳಿದ್ದ ಪ್ರಶ್ನೆಯಾದರೆ ಹಳೆಯ ಉತ್ತರ ತೋರಿಸಿ ಚರ್ಚೆ ಮುಚ್ಚುತ್ತಿತ್ತು. ಹರಟೆಯನ್ನು ಅಳಿಸುತ್ತಿತ್ತು.

ಅದನ್ನು ರೂಪಿಸಿದ ಡಾ. ನೀಲಾಂಬಿಕಾ ಪಟ್ಟಣಶೆಟ್ಟಿ ಅಂದು ಬೆಳಗ್ಗೆ ಬಂದಾಗ ಬಾಗಿಲಲ್ಲಿ ಒಬ್ಬ ನಿಂತಿದ್ದ.

“ಇಮಾಮಹುಸೇನ ನದಾಫ್ ಅಂತ್ರಿ. ಗದಗಿನ ಹೆರಿಗೆ ಆಸ್ಪತ್ರ್ಯಾಗ ಪ್ರೋಗ್ರಾಮರ್ ಅದೀನಿ. ಮೂರು ಸಲ ಕೇಳೀನ್ರೀ ಮೇಡಂ, ಮೂರೂ ಸಲ ನಿಮ್ಮ ಮಷೀನು ಮುಚ್ಚಿಬಿಟ್ತು. ಫೋನ್ ಮಾಡಿದ್ರೂ ಅದ ಮಾತಾಡತೈತಿ.”

ದಿನ ತುಂಬದೆ ಹುಟ್ಟಿದ ಒಂಬತ್ತು ಶಿಶುಗಳ ಉಸಿರಾಟದ ಯಂತ್ರಗಳು ಹಿಂದಿನ ದಿನದಿಂದ ತಾವಾಗಿ ನಿಂತು ನಿಂತು ಚಾಲೂ ಆಗುತ್ತಿದ್ದವು. ಅವನ್ನು ತಯಾರಿಸಿದ ಕಂಪನಿ ಮುಚ್ಚಿ ವರ್ಷಗಳಾಗಿದ್ದವು.

“ನಿಂತಾಗೆಲ್ಲ ಸಿಸ್ಟರುಗಳು ಕೈಯಾಗ ಗಾಳಿಚೀಲ ಒತ್ತತಾರ್ರೀ. ಅವರು ನಾಕ ಮಂದಿ. ಕೂಸು ಒಂಬತ್ತು.”

ನೀಲಾಂಬಿಕಾ ಕೂತವರೇ ಅವನ ಪ್ರಶ್ನೆ ತೆಗೆದರು. ವಿಂಗಡಕ ಅದನ್ನು ‘ಗಡಿಯಾರ ದೋಷ’ ಗುಂಪಿಗೆ ಹಾಕಿ, ಹಳೆಯ ಉತ್ತರವೊಂದನ್ನು ಅಂಟಿಸಿತ್ತು.

“ಇದನ್ನ ಮಾಡಿ ನೋಡಿದ್ರೇನು?”

“ಮೊದಲು ಅದನ್ನ ಮಾಡೀನ್ರೀ.”

ನೀಲಾಂಬಿಕಾ ಆ ಪ್ರಶ್ನೆಯನ್ನು ಬೇರೆ ಗುಂಪಿಗೆ ಒತ್ತಾಯದಿಂದ ಸೇರಿಸಿದರು. ಯಂತ್ರ ಮತ್ತೆ ಹಿಂದಕ್ಕೆ ತಂದಿತು. ಇನ್ನೊಂದಕ್ಕೆ ಸೇರಿಸಿದರು, ಅಲ್ಲಿಂದಲೂ ತೆಗೆಯಿತು. ನದಾಫನ ಫೋನು ರಿಂಗಾಯಿತು. ಅವನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ನಿಂತ.

ಆರು ವರ್ಷಗಳಲ್ಲಿ ಮೊದಲ ಸಲ ನೀಲಾಂಬಿಕಾ ವಿಂಗಡಕವನ್ನು ನಿಲ್ಲಿಸಿ, ನದಾಫನ ಪ್ರಶ್ನೆಯನ್ನು ಎಲ್ಲರಿಗೂ ಕಳಿಸಿದರು. ಗುಂಪುಗಳ ಗೋಡೆಗಳೆಲ್ಲ ಬಿದ್ದು, ನಲವತ್ತು ಲಕ್ಷ ಜನರ ಮುಂದೆ ಒಂದೇ ಪ್ರಶ್ನೆ ನಿಂತಿತು. ಬೈಗುಳಗಳು ಬಂದವು, ತಮಾಷೆಗಳು ಬಂದವು. ಹನ್ನೊಂದನೆಯ ನಿಮಿಷಕ್ಕೆ ಭದ್ರಾವತಿಯಿಂದ ರೇಣುಕಮ್ಮ ಎಂಬ ನಿವೃತ್ತ ಪ್ರೋಗ್ರಾಮರ್ ಬರೆದರು:

“ವಾರ್ಡಿಗೆ ಹೊಸ ಲೈಟ್ ಹಾಕ್ಸಿದಾರಾ ನೋಡಪ್ಪ. ನಮ್ಮ ಆಸ್ಪತ್ರೇಲೂ ಹಿಂಗೇ ಆಗಿತ್ತು. ಆ ಲೈಟಿನ ಕರೆಂಟು ಯಂತ್ರದ ವೈರಿಗೆ ತೊಂದರೆ ಕೊಡುತ್ತೆ. ಮೊದ್ಲು ಆರ್ಸು. ಇದನ್ನ ಹೋದ ವರ್ಷವೇ ಬರ್ದಿದ್ದೆ, ಮೊಮ್ಮಗಳ ನಾಮಕರಣದ ಸುದ್ದಿ ಜೊತೆಗೆ. ಹರಟೆ ಅಂತ ಅಳಿಸಿಬಿಟ್ರು.”

ನದಾಫ್ ಫೋನಿನಲ್ಲಿ ಕೂಗಿದ: “ಸಿಸ್ಟರ್, ಲೈಟ್ ಆರಸ್ರಿ! ಎಲ್ಲಾ ಆರಸ್ರಿ!”

ಆ ಕಡೆಯಿಂದ ಯಂತ್ರಗಳ ಸದ್ದು ಒಂದೇ ಸಮನೆ ಕೇಳತೊಡಗಿತು. ಅವನು ಫೋನು ಕೆಳಗಿಳಿಸಿದ.

“ಎಂಟೂ ನಡದಾವಂತ್ರಿ,” ಎಂದ.

“ಎಂಟೇನು?”

“ಆಗ ಫೋನ್ ಬಂದಿತ್ತಲ್ರೀ.”

ನೀಲಾಂಬಿಕಾ ಆ ಮಗುವಿನ ಹೆಸರು ಕೇಳಿದರು.

“ಹೆಸರು ಇನ್ನೂ ಇಟ್ಟಿರಲಿಲ್ರೀ.”

ವಿಂಗಡಕವನ್ನು ಅವರು ಮತ್ತೆ ಚಾಲೂ ಮಾಡಲಿಲ್ಲ. ಗದ್ದಲ ಸಹಿಸಲಾಗುವುದಿಲ್ಲವೆಂದು ಮೂರು ದಿನಗಳಲ್ಲಿ ಎರಡು ಲಕ್ಷ ದೂರುಗಳು ಬಂದವು. ತಿಂಗಳೊಳಗೆ ಯಾರೋ ಇನ್ನೊಂದು ವಿಂಗಡಕ ಕಟ್ಟಿದರು. ಜನ ಅಲ್ಲಿಗೆ ಹೋದರು. ಅದು ಹರಟೆಯನ್ನು ಇನ್ನೂ ಬೇಗ ಅಳಿಸುತ್ತದಂತೆ. ನೀಲಾಂಬಿಕಾ ಮಾತ್ರ ದಿನವೂ ಆ ಗುಂಪುಗಳ ಹಳೆಯ ನಿಯಮಗಳನ್ನು ಓದುತ್ತಾರೆ. ಇದೆಲ್ಲ ಮೊದಲಾದದ್ದು ಎಲ್ಲಿಂದ ಎಂದು ಹಿಂದೆ ಹಿಂದೆ ಹೋದಂತೆ, ಆ ಯಂತ್ರವೇ ಇಲ್ಲದ, ನಾವು ನೀವು ಈಗ ಬದುಕುತ್ತಿರುವ ಈ ವರ್ಷಗಳು ಸಿಗುತ್ತವೆ. ಇನ್ನೂರು ಪ್ರೋಗ್ರಾಮರ್‌ಗಳ ಒಂದು ಗುಂಪು, ಅದರಲ್ಲೊಬ್ಬರು, ಮನೆಯ ಸುದ್ದಿ ಹಾಕಿದ ಯಾರಿಗೋ ಸೌಜನ್ಯದಿಂದಲೇ ಬರೆದಿದ್ದಾರೆ: “ದಯವಿಟ್ಟು ಇಲ್ಲಿ ಬೇಡ.”